ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತಗೊಳ್ಳೋ ಮುಂಚೆ ಈ ಮೂರು ಕಮಾಂಡ್ ಹಾಕಿ

ಇವತ್ತು ನಾನೇ ಮಾಡಿಕೊಂಡ ಒಂದು ಎಡವಟ್ಟಿನಿಂದ ಶುರು ಮಾಡ್ತೀನಿ.

ನಮ್ಮೂರು ದೊಡ್ಡಬಳ್ಳಾಪುರ. ಚಿಕ್ಕಪ್ಪ ಮಗ್ಗ ನಡೆಸ್ತಾರೆ. ಅವರ ಮಗಳು ಬಿಕಾಂ ಸೇರಿದಾಗ ಟ್ಯಾಲಿ ಕಲಿಯೋಕೆ ಲ್ಯಾಪ್‌ಟಾಪ್ ಬೇಕಾಯ್ತು. "ನಿಂಗೆ ಗೊತ್ತಾಗುತ್ತೆ, ನೀನೇ ತಂದ್ಕೊಡಪ್ಪ" ಅಂತ 18 ಸಾವಿರ ಕೈಗಿಟ್ಟರು. ಸೀರೆ ನೇಯ್ದು ಕೂಡಿಟ್ಟ ದುಡ್ಡು. ಬೆಂಗಳೂರಿನ ಒಂದು ಅಂಗಡಿಯಲ್ಲಿ "ಐ5, 8 ಜಿಬಿ ರ‍್ಯಾಮ್, ಬ್ಯಾಟರಿ ಸೂಪರ್" ಅಂದರು. ಸ್ಟಿಕ್ಕರ್ ನೋಡಿ ದುಡ್ಡು ಕೊಟ್ಟುಬಿಟ್ಟೆ. ಮನೆಗೆ ಬಂದು ನೋಡಿದರೆ ರ‍್ಯಾಮ್ 4 ಜಿಬಿ. ಚಾರ್ಜರ್ ತೆಗೆದರೆ 40 ನಿಮಿಷಕ್ಕೆ ಆಫ್. ವಾಪಸ್ ಹೋದರೆ "ಬಿಲ್ ಎಲ್ಲಿ?" ಅಂದರು. ಬಿಲ್ ಕೇಳೋದನ್ನೇ ಮರೆತಿದ್ದೆ, ನಾನು, ಬಿಕಾಂ ಓದಿದೋನು!

ಅಂಗಡಿಯಲ್ಲೇ ಐದು ನಿಮಿಷ ಕೂತಿದ್ದರೆ ಎಲ್ಲಾ ಗೊತ್ತಾಗ್ತಿತ್ತು. ಹೇಗೆ ಅಂತ ಕೇಳಿ. ವಿಂಡೋಸ್ ಕೀ ಜೊತೆ 'ಆರ್' ಒತ್ತಿ, ಸಿಎಂಡಿ ಅಂತ ಟೈಪ್ ಮಾಡಿ, ಎಂಟರ್ ಕೊಡಿ. ಕಪ್ಪು ಪರದೆ ಬರುತ್ತೆ. ಹೆದರಬೇಡಿ, ಈ ಮೂರು ಕಮಾಂಡ್ ಬರೀ ಮಾಹಿತಿ ತೋರಿಸುತ್ವೆ, ಏನನ್ನೂ ಅಳಿಸಲ್ಲ.

ಒಂದು, ಸಿಸ್ಟಮ್‌ಇನ್ಫೋ, ನಡುವೆ ಸ್ಪೇಸ್ ಇಲ್ಲದೆ. ಕಂಪನಿ, ಮಾಡೆಲ್, ರ‍್ಯಾಮ್ ಎಲ್ಲಾ ಬರುತ್ತೆ. 'ಟೋಟಲ್ ಫಿಸಿಕಲ್ ಮೆಮೊರಿ' ಸಾಲು ನೋಡಿ. 8 ಜಿಬಿ ಇದ್ದರೆ 8,000 ಎಂಬಿ ಆಸುಪಾಸು ಇರಬೇಕು.

ಎರಡು, ಎಂಎಸ್‌ಇನ್ಫೋ32. ಹೊಸ ವಿಂಡೋ ತೆರೆಯುತ್ತೆ, ಅದರಲ್ಲಿ ಪ್ರೊಸೆಸರ್‌ನ ಪೂರ್ತಿ ಹೆಸರಿರುತ್ತೆ. ಐ5-6300ಯು ಅಂದರೆ 6ನೇ ಜನರೇಷನ್, ಐ5-8250ಯು ಅಂದರೆ 8ನೇದು. ಎರಡಕ್ಕೂ ಐ5 ಅಂತಾನೇ ಸ್ಟಿಕ್ಕರ್! ಆದರೆ 6ನೇದಕ್ಕೆ ವಿಂಡೋಸ್ 11ರ ಅಧಿಕೃತ ಬೆಂಬಲ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

ಮೂರು, ಪವರ್‌ಸಿಎಫ್‌ಜಿ, ಸ್ಪೇಸ್, ಸ್ಲ್ಯಾಶ್, ಬ್ಯಾಟರಿರಿಪೋರ್ಟ್. ಫೈಲ್ ಎಲ್ಲಿ ಸೇವ್ ಆಯ್ತು ಅಂತ ಅದೇ ಹೇಳುತ್ತೆ, ಬ್ರೌಸರ್‌ನಲ್ಲಿ ತೆರೆಯಿರಿ. 'ಡಿಸೈನ್ ಕೆಪಾಸಿಟಿ' ಅಂದರೆ ಹೊಸದರಲ್ಲಿದ್ದ ಶಕ್ತಿ, 'ಫುಲ್ ಚಾರ್ಜ್ ಕೆಪಾಸಿಟಿ' ಅಂದರೆ ಈಗ ಉಳಿದಿರೋದು. 48,000 ಇದ್ದದ್ದು 24,000 ಆಗಿದ್ದರೆ ಅರ್ಧ ಬ್ಯಾಟರಿ ಹೋದಂಗೆ. ಹೊಸದರ ಖರ್ಚು ಲೆಕ್ಕ ಹಾಕಿ ಚೌಕಾಸಿ ಮಾಡಿ.

ಕೀಬೋರ್ಡ್, ಸ್ಕ್ರೀನ್, ಚಾರ್ಜಿಂಗ್ ಪಿನ್ ಮಾತ್ರ ಕೈಯಾರೆ ನೋಡಲೇಬೇಕು. ಬಿಲ್ ಮರೀಬೇಡಿ.

ಹೋದ ವರ್ಷ ನನ್ನ ದುಡ್ಡಲ್ಲೇ ತಂಗಿಗೆ ಬೇರೆ ಲ್ಯಾಪ್‌ಟಾಪ್ ಕೊಡಿಸೋಕೆ ಎಸ್.ಪಿ. ರೋಡಿಗೆ ಕರ್ಕೊಂಡು ಹೋದೆ. ಮೂರೂ ಕಮಾಂಡ್ ಅವಳೇ ಹಾಕಿದಳು. ಎರಡು ಲ್ಯಾಪ್‌ಟಾಪ್ ಬೇಡ ಅಂದಳು, ಮೂರನೇದು ತಗೊಂಡಳು. ಬಿಲ್ಲನ್ನೂ ಅವಳೇ ಕೇಳಿ ಪಡೆದಳು. ನಾನು ಪಕ್ಕದಲ್ಲಿ ನಿಂತಿದ್ದೆ, ಅಷ್ಟೇ.

ಮುಂದಿನ ವಾರ ಸಿಗೋಣ.