ಎರಡು ದೇಶದ ಪೌರತ್ವ

ಪೌರತ್ವವೆಂಬ ಮಾತು ಕಿವಿಗೆ ಬಿದ್ದೊಡನೆ ದಿಲ್ಲಿಯ ಕಚೇರಿಯೋ ವಿಮಾನ ನಿಲ್ದಾಣವೋ ನಮ್ಮ ಕಣ್ಣೆದುರು ಬರುತ್ತದೆ. ಬಾಗಲಕೋಟೆ ಸೀಮೆಯ ಬೇವೂರಿನಂಥ ಊರಿನ ಎರೆಹೊಲಕ್ಕೂ ಅದಕ್ಕೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ಉಂಟು; ಅದೂ ಹೊಲದ ಉತಾರದಲ್ಲಿಯೇ ಉಂಟು.

ಬೇವೂರಿನ ರೈತರೊಬ್ಬರಿಗೆ ಇಬ್ಬರು ಗಂಡುಮಕ್ಕಳು ಎಂದಿಟ್ಟುಕೊಳ್ಳೋಣ. ಹಿರಿಯವನು ಊರಲ್ಲಿದ್ದು ಜೋಳ, ಕಡಲೆ ಬೆಳೆಯುತ್ತಾನೆ. ಕಿರಿಯವನು ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದಿ ಅಮೆರಿಕೆಗೆ ಹೋದ. ಬಹಳ ವರ್ಷಗಳ ಮೇಲೆ ಅಲ್ಲಿಯ ಪೌರನಾದ. ರಜೆಗೆ ಬಂದಾಗ ತಂದೆ ಕೇಳುತ್ತಾರೆ: “ಈಗ ನೀ ಇಲ್ಲಿಯಾಂವನೋ, ಅಲ್ಲಿಯಾಂವನೋ?” ಮಗನ ಉತ್ತರ: “ಎರಡೂ ಯಪ್ಪಾ, ಸರಕಾರದವರ ಕಾರ್ಡು ಕೊಟ್ಟಾರಲ್ಲ.” ತೊಡಕು ಹುಟ್ಟುವುದೇ ಈ ಉತ್ತರದಿಂದ.

ಈ ಭಾಗದವರಿಗೆ ಎರಡು ಆಳ್ವಿಕೆಯ ಗಡಿ ಹೊಸದೇನಲ್ಲ. 1948ರವರೆಗೆ ಹುನಗುಂದ, ಇಳಕಲ್ಲುಗಳು ಮುಂಬಯಿ ಪ್ರಾಂತದಲ್ಲಿ. ಮಗ್ಗುಲಿನ ಕುಷ್ಟಗಿ, ಲಿಂಗಸೂಗೂರುಗಳು ನಿಜಾಮರ ಸೀಮೆಯಲ್ಲಿ. ಅಲ್ಲಿಯ ರೂಪಾಯಿಯೇ ಬೇರೆ. ಆದರೂ ಆ ಗಡಿಯಾಚೆ ಹೆಣ್ಣು ಕೊಡಲು ಯಾರೂ ಪ್ರತಿಜ್ಞೆ ಮಾಡಬೇಕಿರಲಿಲ್ಲ. ಈಗಿನ ಗಡಿ ಹಾಗಲ್ಲ.

ನಮ್ಮ ಸಂವಿಧಾನದ 9ನೆಯ ಅನುಚ್ಛೇದವನ್ನೂ 1955ರ ಪೌರತ್ವ ಕಾಯಿದೆಯ 9ನೆಯ ಪ್ರಕರಣವನ್ನೂ ಕೂಡಿಸಿ ಓದಿದರೆ ಅರ್ಥ ಇಷ್ಟೆ: ಸ್ವಂತ ಇಚ್ಛೆಯಿಂದ ಇನ್ನೊಂದು ದೇಶದ ಪೌರನಾದವನು ಭಾರತದ ಪೌರನಾಗಿ ಉಳಿಯುವುದಿಲ್ಲ. ಅಮೆರಿಕೆಯ ಕಾಯಿದೆ ತನ್ನವರು ಬೇರೆ ಪೌರತ್ವ ಇಟ್ಟುಕೊಳ್ಳುವುದಕ್ಕೆ ಅಡ್ಡಿ ಮಾಡುವುದಿಲ್ಲ. ಅಡ್ಡಿ ಇರುವುದು ನಮ್ಮ ಕಡೆಯಿಂದ. ಪಾಸ್‌ಪೋರ್ಟು ಒಪ್ಪಿಸುವತನಕ ನಡೆಯುತ್ತದೆಂದು ಹಲವರು ತಿಳಿದಿರುತ್ತಾರೆ. ಹಾಗಿಲ್ಲ. ಅಲ್ಲಿ ಪ್ರತಿಜ್ಞೆ ಸ್ವೀಕರಿಸಿದ ದಿನವೇ ಇಲ್ಲಿಯದು ತಾನಾಗಿ ಮುಗಿಯುತ್ತದೆ. ಪೆಟ್ಟಿಗೆಯಲ್ಲಿರುವ ಹಳೆಯ ಪಾಸ್‌ಪೋರ್ಟನ್ನು ರಾಯಭಾರ ಕಚೇರಿಗೆ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಪ್ರಮಾಣಪತ್ರ ಪಡೆಯಬೇಕು. ಅದರ ಮೇಲೆ ಮತ್ತೆ ಪ್ರಯಾಣ ಮಾಡಿದರೆ ದಂಡ ತಪ್ಪದು.

ಹಾಗಾದರೆ ಆ ಕಾರ್ಡು ಏನು? ಹೊರನಾಡಿನ ಭಾರತೀಯರು ಇಬ್ಬಗೆಯ ಪೌರತ್ವವನ್ನು ಬಹಳ ಕಾಲದಿಂದ ಕೇಳುತ್ತಿದ್ದರು. ಎಲ್. ಎಂ. ಸಿಂಘ್ವಿಯವರ ಸಮಿತಿ 2002ರಲ್ಲಿ ಅದಕ್ಕೆ ಅನುಕೂಲವಾಗಿಯೇ ವರದಿ ಕೊಟ್ಟಿತು. ಕೊನೆಗೆ ಬಂದದ್ದು ಓ.ಸಿ.ಐ. ಎಂಬ ಕಾರ್ಡು; ಮೊದಲ ಕಾರ್ಡುಗಳನ್ನು 2006ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಕೊಡಲಾಯಿತು. ಹೆಸರಿನಲ್ಲಿ ‘ಸಾಗರೋತ್ತರ ಭಾರತೀಯ ಪೌರ’ ಎಂದಿದೆ. ಹೆಸರಿಟ್ಟವರು ಇನ್ನಷ್ಟು ಯೋಚಿಸಬೇಕಿತ್ತೆಂದು ನನಗನಿಸುತ್ತದೆ. ಏಕೆಂದರೆ ಅದು ಪೌರತ್ವವಲ್ಲ. ವೀಸಾ ಇಲ್ಲದೆ ಬಂದುಹೋಗಬಹುದು, ಇಲ್ಲಿರಬಹುದು, ಮನೆ ಕೊಳ್ಳಬಹುದು. ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಊರಿನ ಮತದಾರರ ಯಾದಿಯಲ್ಲಿ ಅವನ ಹೆಸರು ಉಳಿದಿರಬಹುದು. ಉಳಿದಿದೆಯೆಂದು ಮತ ಹಾಕಿಬಂದರೆ ಅದು ತಪ್ಪೇ. ಹೆಸರು ತೆಗೆಸುವುದು ಲೇಸು.

ಇನ್ನು ಹೊಲದ ಮಾತು. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ರೈತರಲ್ಲದವರಿಗೂ ಹೊಲ ಕೊಳ್ಳುವ ದಾರಿ ತೆರೆಯಿತು. ಇದನ್ನು ಕೇಳಿ ಅಮೆರಿಕೆಯ ಮಗ ಪಕ್ಕದ ನಾಲ್ಕೆಕರೆಗೆ ಮುಂಗಡ ಕೊಟ್ಟುಬಿಟ್ಟಾನು! ಅವನನ್ನು ತಡೆಯುವುದು ವಿದೇಶೀ ವಿನಿಮಯದ ನಿಯಮ. ಹೊರದೇಶದಲ್ಲಿ ನೆಲೆಸಿದವನು, ಅವನು ಭಾರತದ ಪೌರನೇ ಆಗಿರಲಿ, ಓ.ಸಿ.ಐ. ಕಾರ್ಡಿನವನೇ ಆಗಿರಲಿ, ಸಾಗುವಳಿ ಜಮೀನನ್ನೂ ತೋಟವನ್ನೂ ಖರೀದಿ ಮಾಡುವಂತಿಲ್ಲ. ತಂದೆ ಬದುಕಿರುವಾಗ ಪ್ರೀತಿಯಿಂದ ಬಕ್ಷೀಸ ಪತ್ರ ಬರೆದು ಕೊಟ್ಟರೂ ಹೊಲದ ಮಟ್ಟಿಗೆ ನಡೆಯದು. ಆದರೆ ತಂದೆಯ ತರುವಾಯ ವಾರಸಾದಿಂದಾಗಲಿ ಮೃತ್ಯುಪತ್ರದಿಂದಾಗಲಿ ಬಂದ ಹೊಲಕ್ಕೆ ಬಾಧಕವಿಲ್ಲ. ಮಗ ಪರದೇಶದವನಾದನೆಂದು ವಾರಸಾ ಹಕ್ಕು ಹೋಗುವುದಿಲ್ಲ; ‘ನಿನ್ನದೇನೂ ಇಲ್ಲ’ ಎಂದು ಅವನ ಹೆಸರು ಬಿಟ್ಟು ಖಾತೆ ಮಾಡಿಸುವ ಅಣ್ಣಂದಿರು ಇದನ್ನು ಗಮನಿಸಬೇಕು. ಹಾಗೆ ಬಂದ ಹೊಲವನ್ನು ಮಾರುವುದಾದರೆ ಭಾರತದಲ್ಲಿ ವಾಸವಾಗಿರುವವರಿಗೇ ಮಾರಬೇಕು. ಊರಲ್ಲಿರುವ ಅಣ್ಣನಿಗೆ ಬಿಟ್ಟುಕೊಡಬಹುದು. ಇಬ್ಬರೂ ಹೊರದೇಶದಲ್ಲಿದ್ದರೆ ಒಬ್ಬನು ಇನ್ನೊಬ್ಬನಿಗೆ ಮಾರುವಂತಿಲ್ಲ.

ಬರಲಾಗದ ಮಗ ವಟಮುಖತ್ಯಾರ ಪತ್ರ ಕಳಿಸುತ್ತಾನೆ. ಬರೀ ಸಹಿ ಮಾಡಿ ಅಂಚೆಗೆ ಹಾಕಿದರೆ ಸಾಲದು. ಅಲ್ಲಿಯ ಭಾರತೀಯ ಕಾನ್ಸಲ್ ಕಚೇರಿಯಲ್ಲಿ, ಇಲ್ಲವೆ ನೋಟರಿಯ ಎದುರು ಮಾಡಿಸಿ ಅಪಾಸ್ಟಿಲ್ ಮುದ್ರೆ ಹಾಕಿಸಬೇಕು. ಅದು ಇಲ್ಲಿಗೆ ಮುಟ್ಟಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಸಬ್ ರಜಿಸ್ಟ್ರಾರರ ಕಚೇರಿಯಿಂದ ಕಾಗದ ಹಿಂದಕ್ಕೆ ಬಂದಾಗ ಅಣ್ಣತಮ್ಮಂದಿರಲ್ಲಿ ಸಂಶಯ ಬೆಳೆಯುತ್ತದೆ. ತಪ್ಪು ಕಾಗದದ್ದಾಗಿರುತ್ತದೆ, ಮಾತು ಬಿಡುವವರು ಮನುಷ್ಯರು.

ಮಗ ನಿವೃತ್ತನಾಗಿ ಊರಿಗೇ ಬಂದನೆನ್ನಿ. ಆಗಲೂ ಅಮೆರಿಕೆ ಅವನನ್ನು ಬಿಡುವುದಿಲ್ಲ. ತನ್ನ ಪೌರರು ಎಲ್ಲಿಯೇ ಇರಲಿ, ಆದಾಯದ ಲೆಕ್ಕ ಕೇಳುವ ದೇಶ ಅದು. ಇಲ್ಲಿಯ ಬ್ಯಾಂಕುಗಳಲ್ಲಿಟ್ಟದ್ದೆಲ್ಲ ಕೂಡಿ ವರ್ಷದಲ್ಲಿ ಒಮ್ಮೆ 10,000 ಡಾಲರು ಮೀರಿದರೂ ಅದನ್ನು ಬೇರೆಯಾಗಿ ತಿಳಿಸಬೇಕು. ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಿರಲೆಂದು 1989ರ ಒಪ್ಪಂದವಿದೆ. ಎರಡು ಕಡೆ ಲೆಕ್ಕ ಬರೆಯುವ ಕೆಲಸ ಮಾತ್ರ ತಪ್ಪದು.

ಮರಳಿ ಭಾರತದ ಪೌರನಾಗುವ ದಾರಿಯೂ ಉಂಟು. ಓ.ಸಿ.ಐ. ನೋಂದಣಿಯಾಗಿ ಐದು ವರ್ಷ ಕಳೆದಿರಬೇಕು. ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳು ಇಲ್ಲಿ ವಾಸವಾಗಿರಬೇಕು. ಆದರೆ ಆಗ ಬಿಡಬೇಕಾದದ್ದು ಅಮೆರಿಕೆಯ ಪೌರತ್ವ. ಅವನ ಮಕ್ಕಳು ಮೊಮ್ಮಕ್ಕಳು ಅಲ್ಲಿಯೇ ಇರುತ್ತಾರೆ. ಅವರನ್ನು ನೋಡಲು ಹೋಗಬೇಕಾದರೆ ವೀಸಾದ ಸಾಲಿನಲ್ಲಿ ಈಗ ಅವನೇ ನಿಲ್ಲಬೇಕು.