ಓಲೆಗರಿಯಿಂದ ಅಚ್ಚಿನ ಮನೆಗೆ



ಸತ್ಪುರುಷರ ಚರಿತ್ರೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಪವಾಡಪುರುಷರ ಕಥೆಗಳನ್ನು ಯಲಹಂಕ ಸೀಮೆಯ ಭಕ್ತರಾದ ತಾವು ಪುರಾಣಪ್ರವಚನಗಳಲ್ಲಿ ಬೇಕಾದಷ್ಟು ಕೇಳಿರುವಿರಿ. ಆದುದರಿಂದ ಕಾವಿಯನ್ನುಡದೆ, ವಿಜಾಪುರದಲ್ಲಿ ವಕೀಲಿಯನ್ನು ನಡೆಸಿಕೊಂಡಿದ್ದ ಓರ್ವ ಗೃಹಸ್ಥರ ವಿಷಯವನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ಮುಂಬಯಿಯಲ್ಲಿ ವ್ಯಾಸಂಗವನ್ನು ಪೂರೈಸಿ ನ್ಯಾಯವಾದಿಗಳಾದರು. ಆ ಕಾಲದಲ್ಲಿ ವಚನಗಳು ಮಠಗಳ ಗವಿಗಳಲ್ಲಿಯೂ ಭಕ್ತರ ಜಗಲಿಗಳ ಮೇಲೂ ಓಲೆಗರಿಯ ಕಟ್ಟುಗಳಾಗಿ ಮಲಗಿದ್ದುವು. ಅವುಗಳಿಗೆ ವಿಭೂತಿ ಧರಿಸಿ ಪತ್ರಪುಷ್ಪಗಳನ್ನೇರಿಸುವವರಿದ್ದರು. ಬಿಚ್ಚಿ ಓದುವವರು ವಿರಳ. ಹಳಕಟ್ಟಿಯವರು ಊರೂರು ಸುತ್ತಿ ಕಟ್ಟುಗಳನ್ನು ಬೇಡಿ ತಂದು, ಪ್ರತಿಮಾಡಿ, ಪಾಠಗಳನ್ನು ತಾಳೆನೋಡಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಹೊರಬಂದಿತು. ಪರರ ಅಚ್ಚುಕೂಟವನ್ನು ನೆಚ್ಚಿ ಕೆಲಸ ಸಾಗದೆಂದು ಮನಗಂಡು, ವಾಸದ ಮನೆಯನ್ನು ಮಾರಿ, 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷವೇ ‘ಶಿವಾನುಭವ’ ಪತ್ರಿಕೆಯು ಪ್ರಾರಂಭವಾಯಿತು. ಮನೆ ಮಾರಿ ಮದುವೆ ಮಾಡಿದವರನ್ನು ನಾವು ಕಂಡಿದ್ದೇವೆ. ಮನೆ ಮಾರಿ ವಚನ ಅಚ್ಚುಹಾಕಿದವರು ಮತ್ತಾರು?

ದೂರದ ವೇಲ್ಸ್ ದೇಶದಲ್ಲಿಯೂ ಇಂತಹುದೇ ಒಂದು ಸಂಗತಿ ನಡೆದಿದೆ. ಆ ನಾಡಿನ ಓವೆನ್ ಜೋನ್ಸ್ ಎಂಬ ವರ್ತಕನು ಲಂಡನ್ ನಗರದಲ್ಲಿ ತುಪ್ಪಳದ ವ್ಯಾಪಾರಮಾಡಿ ಗಳಿಸಿದ ದ್ರವ್ಯವನ್ನು ಸುರಿದು, 1801ರಿಂದ 1807ರವರೆಗೆ ತನ್ನ ಭಾಷೆಯ ಪ್ರಾಚೀನ ಕೃತಿಗಳನ್ನು ಮೂರು ಸಂಪುಟಗಳಲ್ಲಿ ಅಚ್ಚುಹಾಕಿಸಿದನು. ಆದರೆ ಅವನಿಗೆ ನೆರವಾದ ಎಡ್ವರ್ಡ್ ವಿಲಿಯಮ್ಸ್ ಎಂಬ ಕಲ್ಲುಕುಟಿಗ ಕವಿಯು ತಾನೇ ರಚಿಸಿದುದನ್ನು ಹಳಬರ ಹೆಸರಿನಲ್ಲಿ ಸೇರಿಸಿಬಿಟ್ಟನು! ಹಾಲಿಗೆ ನೀರು ಬೆರೆತಂತಾಯಿತು. ಅದನ್ನು ಬೇರ್ಪಡಿಸಲು ಇಪ್ಪತ್ತನೆಯ ಶತಮಾನದ ಪಂಡಿತರು ಬಹಳವಾಗಿ ಶ್ರಮಿಸಬೇಕಾಯಿತು.

ಇದನ್ನೇಕೆ ಹೇಳಿದೆನೆಂದರೆ, ವಚನಗಳಲ್ಲಿಯೂ ಪ್ರಕ್ಷಿಪ್ತಗಳುಂಟು. ಅಂಕಿತವೊಂದಿದ್ದ ಮಾತ್ರಕ್ಕೆ ವಚನವು ಆ ಶರಣರದೇ ಎಂದು ನಿಶ್ಚಯಿಸಲಾಗದು. ಪ್ರತಿಗಳನ್ನು ಒಂದರೊಡನೊಂದು ಹೋಲಿಸಿಯೇ ತಿಳಿಯಬೇಕು. ಹಳಕಟ್ಟಿಯವರು 1964ರಲ್ಲಿ ಲಿಂಗೈಕ್ಯರಾದ ತರುವಾಯವೂ ಈ ಶೋಧನೆ ನಡೆದು, 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಹಾಗೆಂದು ಮನೆಯಲ್ಲಿರುವ ಓಲೆಗರಿಗಳ ಪ್ರಯೋಜನ ತೀರಿತೆಂದು ಭಾವಿಸಬಾರದು. ಒಂದು ಹಳೆಯ ಪ್ರತಿಯು ಹತ್ತು ಸಂದೇಹಗಳನ್ನು ಕಳೆಯಬಲ್ಲುದು.

ಇಲ್ಲಿ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ಮನೆಯ ಜಗಲಿಯ ಮೇಲೆ ತಾತನವರ ಕಾಲದ ಕಟ್ಟೊಂದಿದ್ದಿತು. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದ ನಾನು ಅದನ್ನು ದಿನವೂ ಪೂಜಿಸಿದೆನೇ ಹೊರತು ಬಿಚ್ಚಲಿಲ್ಲ. ಕೊನೆಗೆ ಬಿಚ್ಚಿದ ದಿನ ಗೆದ್ದಲಿನ ಮಣ್ಣು ಅಂಗೈ ತುಂಬ ಉದುರಿತು. ಉಳಿದ ಮೂರು ಗರಿಗಳಲ್ಲಿ ‘ಗುಹೇಶ್ವರಾ’ ಎಂಬಷ್ಟನ್ನು ಓದಲಾಯಿತು.

ತಮ್ಮ ಮನೆಗಳಲ್ಲಿ ಅಂತಹ ಕಟ್ಟುಗಳಿದ್ದರೆ ದಯಮಾಡಿ ಮಠದ ಗ್ರಂಥಭಂಡಾರಕ್ಕೆ ತನ್ನಿರಿ. ಛಾಯಾಚಿತ್ರ ತೆಗೆದುಕೊಂಡು ತಮ್ಮೆದುರಿಗೇ ಹಿಂದಿರುಗಿಸುತ್ತೇವೆ. ದಾರವನ್ನು ಮಾತ್ರ ತಾವಾಗಿ ಬಿಚ್ಚಬೇಡಿರಿ. ಹಳೆಯ ಗರಿಗಳು ಮುರಿಯುತ್ತವೆ.