ಕೈಚೆಲ್ಲಿದ ಚೆಂಡು, ಕೈಚೆಲ್ಲದ ಬದುಕು

1912ರ ಅಕ್ಟೋಬರ್ 16. ಅಮೆರಿಕದ ಬಾಸ್ಟನ್ ನಗರದಲ್ಲಿ ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನ ಕೊನೆಯ ಪಂದ್ಯ. ಹತ್ತನೆಯ ಇನಿಂಗ್ಸ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ 2-1ರಿಂದ ಮುಂದಿತ್ತು. ಇನ್ನು ಮೂವರನ್ನು ಔಟ್ ಮಾಡಿದರೆ ಪಟ್ಟ ಅವರದೇ.

ಆಗ ಬಾಸ್ಟನ್ ತಂಡದ ಕ್ಲೈಡ್ ಎಂಗಲ್ ಹೊಡೆದ ಚೆಂಡು ಮೇಲೆ ಹಾರಿ ಫ್ರೆಡ್ ಸ್ನಾಡ್‌ಗ್ರಾಸ್ ಇದ್ದ ಕಡೆಗೆ ಬಂತು. ಆತ ಮೈದಾನದ ಹೊರವಲಯ ಕಾಯುವ ಔಟ್‌ಫೀಲ್ಡರ್. ಇಪ್ಪತ್ತೈದು ತುಂಬಲು ಮೂರೇ ದಿನ ಬಾಕಿಯಿದ್ದ ಯುವಕ. ಸುಲಭದ ಕ್ಯಾಚ್. ಆದರೆ ಚೆಂಡು ಗ್ಲೌಸಿನಿಂದ ಜಾರಿ ನೆಲಕ್ಕೆ ಬಿತ್ತು.

ಎದೆ ಒಡೆಯುವಂಥ ಗಳಿಗೆ ಅದು. ಆದರೂ ಮುಂದಿನ ಆಟಗಾರ ಹ್ಯಾರಿ ಹೂಪರ್ ದೂರಕ್ಕೆ ಬಾರಿಸಿದಾಗ ಇದೇ ಸ್ನಾಡ್‌ಗ್ರಾಸ್ ಬೆನ್ನಟ್ಟಿ ಓಡಿ, ಅಸಾಧ್ಯವೆನಿಸಿದ ಆ ಚೆಂಡನ್ನು ಹಿಡಿದ. ಮೊದಲಿನದನ್ನು ಕೈಚೆಲ್ಲಿದ್ದು ನಿಜ. ಆತ ಮಾತ್ರ ಕೈಚೆಲ್ಲಿ ನಿಲ್ಲಲಿಲ್ಲ.

ಅಷ್ಟರಲ್ಲೇ ಮತ್ತೊಂದು ಸುಲಭದ ಕ್ಯಾಚ್, ಮೂವರ ನಡುವೆ ಯಾರೂ ಹಿಡಿಯದೆ ನೆಲಕ್ಕೆ ಬಿತ್ತು. ಬಾಸ್ಟನ್ 3-2ರಿಂದ ಗೆದ್ದಿತು. ಸೋಲಿಗೆ ಪಾಲುದಾರರು ಹಲವರು. ಹೊರೆ ಬಿದ್ದದ್ದು ಸ್ನಾಡ್‌ಗ್ರಾಸ್ ಒಬ್ಬನ ಹೆಗಲ ಮೇಲೆ. ಆತ ಕೈಚೆಲ್ಲಿದ ಕ್ಯಾಚನ್ನು ಮೂವತ್ತು ಸಾವಿರ ಡಾಲರಿನ ತಪ್ಪು ಎಂದು ಜನ ಕರೆದರು. ತಂಡದ ಮ್ಯಾನೇಜರ್ ಜಾನ್ ಮೆಕ್‌ಗ್ರಾ ಮಾತ್ರ ಹುಡುಗನನ್ನು ದೂರಲಿಲ್ಲ, ಸಂಬಳ ಹೆಚ್ಚಿಸಿದರು.

ಸ್ನಾಡ್‌ಗ್ರಾಸ್ 1916ರವರೆಗೂ ದೊಡ್ಡ ಲೀಗ್‌ಗಳಲ್ಲಿ ಆಡಿದ. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಜಮೀನು ಮಾಡಿಕೊಂಡು, ಆಕ್ಸ್‌ನಾರ್ಡ್ ಊರಿನ ಮೇಯರ್ ಕೂಡ ಆದ. 1974ರಲ್ಲಿ, 86ರ ವಯಸ್ಸಿನಲ್ಲಿ ತೀರಿಕೊಂಡಾಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಶೀರ್ಷಿಕೆ ನೆನಪಿಸಿದ್ದು ಏನನ್ನು ಗೊತ್ತೇ? ಅರವತ್ತೊಂದು ವರ್ಷ ಹಿಂದೆ ಕೈತಪ್ಪಿದ ಆ ಚೆಂಡನ್ನು!

ಒಂದು ಗಳಿಗೆಯನ್ನು ಹಿಡಿದುಕೊಂಡು ಇಡೀ ಬಾಳನ್ನು ಅಳೆಯುವುದು ಎಂಥ ಅನ್ಯಾಯ! ಮನೆಯಲ್ಲೂ ಅಷ್ಟೇ. ಮಗ ಒಮ್ಮೆ ಫೇಲಾದದ್ದು, ಸೊಸೆ ಒಮ್ಮೆ ಎದುರು ಮಾತಾಡಿದ್ದು, ತಮ್ಮ ವ್ಯಾಪಾರದಲ್ಲಿ ಕಳೆದದ್ದು ಎಷ್ಟೋ ವರ್ಷ ನಮ್ಮ ನಾಲಿಗೆಯಲ್ಲಿ ಉಳಿದುಬಿಡುತ್ತದೆ. ಆಮೇಲೆ ಅವರು ಓಡಿ ಹಿಡಿದ ಚೆಂಡುಗಳ ಲೆಕ್ಕ ಇಟ್ಟವರು ಯಾರು?

ಇವತ್ತು ನಿಮ್ಮ ಕೈಯಿಂದ ಏನಾದರೂ ಜಾರಿದರೆ ಮುಂದಿನ ಚೆಂಡಿಗೆ ಓಡಿ. ಬೇರೆಯವರ ಕೈ ಜಾರಿದರೆ, ಅವರು ಹಿಡಿದ ಇನ್ನೊಂದು ಚೆಂಡನ್ನು ನೆನಪಿಸಿಕೊಂಡು ಮಾತಾಡಿಸಿ.